ಬಿಳಿ ಬಿಟ್ಟುಕೊಟ್ಟ ದುಂಡೇಶ

ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಂಡೇಶನಿಗೆ ಬಿಳುಪು ನೋಡುವ ಕೆಲಸ. ಕತ್ತರಿಸಿ ಬಂದ ಹಾಳೆಗಳಲ್ಲಿ ಕಲೆಯಾದದ್ದು, ಮಂಕಾದದ್ದು, ಹಳದಿಗೆ ತಿರುಗಿದ್ದು ಅವನ ಕಣ್ಣು ತಪ್ಪಿಸಿ ಹೋಗುವಂತಿಲ್ಲ. ವರ್ಷಗಟ್ಟಲೆ ಇದನ್ನೇ ಮಾಡಿ ಕಣ್ಣಿಗೆ ಎಂಥ ಚಟ ಹತ್ತಿತ್ತೆಂದರೆ, ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅನ್ನ ನೋಡಿ “ಸ್ವಲ್ಪ ಮಂಕೈತಿ” ಎನ್ನುತ್ತಿದ್ದ. ಹೆಂಡತಿ ದ್ರಾಕ್ಷಾಯಣಿ ಪಕ್ಕದಲ್ಲಿದ್ದರೆ ತೊಡೆ ಚಿವುಟುತ್ತಿದ್ದಳು. ಇಲ್ಲದಿದ್ದರೆ ಆ ಮನೆಯಿಂದ ಮತ್ತೆ ಕರೆ ಬರುತ್ತಿರಲಿಲ್ಲ.

ಇಂಥವನ ಕೈಗೆ ಕ್ಯಾಮೆರಾ ಬಂತು. ಬಂಗೂರನಗರದ ಕಾಲೇಜಿನಲ್ಲಿ ಕಲಿಸುವ ಗೆಳೆಯ ಉದಯಕುಮಾರ ಹೊಸದು ಕೊಂಡು ಹಳೆಯದನ್ನು ಇವನಿಗೆ ದಾಟಿಸಿದ್ದ. ಮಂಗಟ್ಟೆ ಹಕ್ಕಿಯೆಂದು ದುಂಡೇಶ ತೆಗೆದ ಫೋಟೊಗಳಲ್ಲೆಲ್ಲ, ಹಕ್ಕಿ ಈಗಷ್ಟೇ ಎದ್ದುಹೋದ ಕೊಂಬೆ ಬಹಳ ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ದ್ರಾಕ್ಷಾಯಣಿಯ ಕೆಲಸ ಬಂತು. ಅವಳು ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಸಂಘದವರು ಖಡಕ್ ರೊಟ್ಟಿಯ ಅಂಗಡಿ ತೆರೆಯುವವರಿದ್ದರು. ಬ್ಯಾನರಿಗೆ ಅವಳ ಫೋಟೊ ಬೇಕಿತ್ತು. ಅವಳದು ಎಣ್ಣೆಗಪ್ಪು ಮೈಬಣ್ಣ. ಹೋದ ವರ್ಷದ ಬ್ಯಾನರಿನಲ್ಲಿ ಫ್ಲೆಕ್ಸ್ ಅಂಗಡಿಯ ಪರಸಪ್ಪ ಸಂಘದ ಎಲ್ಲ ಹೆಂಗಸರಿಗೂ ಒಂದೇ ಹಿಟ್ಟಿನ ಬಣ್ಣ ಬಳಿದಿದ್ದ. ಸನವಳ್ಳಿಯಿಂದ ಬಂದಿದ್ದ ದ್ರಾಕ್ಷಾಯಣಿಯ ತಾಯಿ ಮುದಕವ್ವ ಅದರ ಕೆಳಗೇ ನಿಂತು, “ಎಲ್ಲಾರ ಫೋಟೊ ಹಾಕ್ಯಾರ, ನಮ್ಮ ಹುಡುಗೀದಷ್ಟ ಬಿಟ್ಟಾರಲ್ಲ” ಎಂದು ಮರುಗಿದ್ದಳು.

“ಈ ಸಲ ನನ್ನ ಮುಖ ನನ್ನ ಮುಖದಂಗ ಬರಬೇಕ್ರಿ,” ಎಂದಳು ದ್ರಾಕ್ಷಾಯಣಿ. “ಇವತ್ತ ಸಂಜೀಕ ಕೊಡಬೇಕು. ನಿಮ್ಮ ಕೈಲೆ ಆಗೂದಿಲ್ಲಂದ್ರ ಈಗ ಹೇಳ್ರಿ, ಪರಸಪ್ಪನ ಕಡೆನ ಹೋಗಿ ಹಿಟ್ಟು ಬಡಿಸ್ಕೊಂಡು ಬರ್ತೇನಿ.”

ಆಗದು ಎನ್ನಲು ದುಂಡೇಶನಿಗೆ ಧೈರ್ಯವಿರಲಿಲ್ಲ. ಆಗುತ್ತದೆ ಎನ್ನಲು ವಿದ್ಯೆಯಿರಲಿಲ್ಲ.

ಹಿಂದೆ ಬಿಳಿಯಿರಲಿ ಎಂದು ಪರಸಪ್ಪ ಹೇಳಿಕಳಿಸಿದ್ದ. ದುಂಡೇಶ ತನ್ನ ಕಣ್ಣು ಒಪ್ಪಿದ ಅಗಲವಾದ ಹಾಳೆಯೊಂದನ್ನು ಹಿತ್ತಿಲ ಗೋಡೆಗೆ ಬಿಸಿಲಿನಲ್ಲಿ ತೂಗುಹಾಕಿ, ಅದರ ಮುಂದೆ ಬೇವಿನ ನೆರಳಿನಲ್ಲಿ ಹೆಂಡತಿಯನ್ನು ನಿಲ್ಲಿಸಿದ. ಬಿಳುಪು ಮನಸ್ಸಿಗೆ ಬರುವವರೆಗೆ ಕ್ಯಾಮೆರಾ ತಿರುವಿ ತಿರುವಿ ಕ್ಲಿಕ್ಕಿಸಿದ.

“ಹಾಳಿ ಹೆಂಗ ಬಂದೈತಿ ನೋಡು. ಒಂದು ಕಲಿ ಇಲ್ಲ.”

ದ್ರಾಕ್ಷಾಯಣಿ ನೋಡಿದಳು. ಹಾಳೆಯ ಮುಂದೆ, ಸೀರೆ ಉಟ್ಟ ಕತ್ತಲೆ ನಿಂತಿತ್ತು.

“ಸಂಘದ ಅಧ್ಯಕ್ಷಿ ನಾನೋ, ಆ ಹಾಳೀನೋ? ಅದು ರೊಟ್ಟಿ ಬಡೀತೈತೇನ್ರಿ?”

ಉದಯಕುಮಾರನಿಗೆ ಫೋನು ಹೋಯಿತು, ಅವನು ಬಂದ. ಫೋಟೊ ನೋಡಿ ನಗು ತಡೆದುಕೊಂಡು ಪಾಠಕ್ಕೆ ಕೂತ. ಕ್ಯಾಮೆರಾದ ಕಂಡಿ ದೊಡ್ಡದಾದಂತೆ ಅದರ ನಂಬರು ಸಣ್ಣದಾಗುತ್ತದೆ ಎಂಬುದು ದುಂಡೇಶನಿಗೆ ಮೊದಲು ಮೋಸದಂತೆ ಕಂಡಿತು. ಆಮೇಲೆ, ಸರಕಾರಿ ಕಚೇರಿಯಲ್ಲೂ ಒಂದನೇ ದರ್ಜೆಯವನೇ ದೊಡ್ಡವನಲ್ಲವೇ ಎಂದು ಸಮಾಧಾನ ಮಾಡಿಕೊಂಡ.

“ಜೊಯಿಡಾ ಬಸ್ಸು ನೆನಿಸ್ಕೋ, ದುಂಡೇಶಣ್ಣ,” ಎಂದ ಉದಯಕುಮಾರ. “ಬಾಗಲಾ ಅಗಲಿದ್ರ ಗಳಿಗಿ ನಿಂತ್ರೂ ಮಂದಿ ತುಂಬತಾರ. ಸಣ್ಣದಿದ್ರ ಭಾಳ ಹೊತ್ತು ನಿಲ್ಲಬೇಕು. ಮಂದಿ ಅಂದ್ರ ಬೆಳಕು. ಬಾಗಲಾ ಅಂದ್ರ ಅಪರ್ಚರ್, ನಿಲ್ಲೂ ಹೊತ್ತು ಅಂದ್ರ ಶಟರ್.”

“ತುಂಬಿದ ಮ್ಯಾಲೂ ಹತ್ತಿದ್ರ?”

“ಯಾರ ಮುಖಾನೂ ಕಾಣೂದಿಲ್ಲ. ಈಗ ನಿನ್ನ ಬಸ್ಸಿನ್ಯಾಗ ಬರೇ ಹಾಳಿ ಹತ್ತೈತಿ. ದ್ರಾಕ್ಷಾಯಣಿ ವೈನಿ ಸ್ಟ್ಯಾಂಡಿನ್ಯಾಗ ಉಳದಾರ.”

“ಹಂಗಾರ ಬಾಗಲಾ ತಗಿ.”

“ತಗದ್ರ ಹಾಳಿ ಹೋಕ್ಕೈತಿ ನೋಡು. ಬಿಳಿ ಎಲ್ಲಾ ಸುಟ್ಟು ಬಯಲು ಕಾಣತೈತಿ.”

ದುಂಡೇಶನ ಬೆರಳು ಅಲ್ಲೇ ನಿಂತಿತು. ಇಷ್ಟು ವರ್ಷ ಕಾಯ್ದುಕೊಂಡು ಬಂದ ಬಿಳುಪನ್ನು ತಾನೇ ಕೈಯಾರೆ ಸುಡುವುದು ಹೇಗೆ? ಆದರೂ ಏನಾಗುತ್ತದೋ ನೋಡಿಯೇಬಿಡೋಣವೆಂಬ ಕುತೂಹಲವೇ ಒಂದು ಕೈ ಮೇಲಾಯಿತು. ಹೆಂಡತಿಯನ್ನು ಮತ್ತೆ ಹಾಳೆಯ ಮುಂದೆ ನಿಲ್ಲಿಸಿ, ಎಂಟರಲ್ಲಿದ್ದ ನಂಬರನ್ನು ಐದೂವರೆಯ ಆಸುಪಾಸಿಗೆ ತಂದ. ಹಾಳೆಯ ಅಂಚು ಕರಗಿತು; ಕತ್ತಲೆಯೊಳಗೆ ಮೂಗುಬೊಟ್ಟು ಮಿನುಗಿತು. ನಾಲ್ಕಕ್ಕೆ ತಂದ. ಹಾಳೆ ಇತ್ತೆಂಬುದಕ್ಕೇ ಸಾಕ್ಷಿ ಉಳಿಯಲಿಲ್ಲ. ಆದರೆ ಕಣ್ಣು, ಕೆನ್ನೆ, ಹುಬ್ಬು ಒಂದೊಂದೇ ಎದ್ದು ಬಂದವು. ಅವನು ಕ್ಯಾಮೆರಾದ ಪರದೆ ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಪರದೆ ನೋಡಿದ.

“ನಿನ್ನ ಹುಬ್ಬಿನ ಹಂತೇಕ ಸುಟ್ಟ ಕಲಿ ಐತಲ್ಲ.”

“ಮದಿವ್ಯಾಗೂ ಇತ್ರಿ. ನೀವು ಆವಾಗ ಹಂದರದ ಬಿಳಿ ಬಟ್ಟಿ ನೋಡ್ಕೋತ ಕುಂತಿದ್ರಿ.”

ರುಚಿ ಹತ್ತಿ ಇನ್ನೊಂದು ಸುತ್ತು ತಿರುಗಿಸಿದ. ಕೆನ್ನೆಯ ಬಣ್ಣ ಹಾರತೊಡಗಿತು, ಕಲೆ ಮಾಸಿತು. ದುಂಡೇಶ ಬೆಂಕಿ ಮುಟ್ಟಿದವನಂತೆ ಹಿಂದಕ್ಕೆ ಬಂದ. “ಬ್ಯಾಡ ಬ್ಯಾಡ. ಅಲ್ಲಿ ಪರಸಪ್ಪ ಕುಂತಾನ.” ನಾಲ್ಕರಲ್ಲೇ ನಿಂತು ಕ್ಲಿಕ್ಕಿಸಿದ.

ಸಂಜೆ ಇಬ್ಬರೂ ಪರಸಪ್ಪನ ಅಂಗಡಿಗೆ ಹೋದರು. ಅವನ ಮೌಸು ರೂಢಿಯಂತೆ ಸೀದಾ ಕೆನ್ನೆಯ ಮೇಲೆ ಹೋಗಿ ನಿಂತಿತು.

“ಸ್ವಲ್ಪ ಬೆಳ್ಳಗ ಮಾಡ್ಲೇನ್ರಿ, ಅಕ್ಕಾರ?”

ದ್ರಾಕ್ಷಾಯಣಿ ಬಾಯಿ ತೆರೆಯುವ ಮೊದಲೇ ದುಂಡೇಶ, “ಬಿಳಿ ನನಗ ಬಿಡು. ನಾ ನೋಡೇನಿ, ಬೇಕಾದಷ್ಟೈತಿ. ಮುಖಕ್ಕ ಕೈ ಹಚ್ಚಬ್ಯಾಡ,” ಎಂದ.

ಅವಳು ಗಂಡನ ಕಡೆ ಒಮ್ಮೆ ತಿರುಗಿದಳು. ಆದರೂ, ಗಂಡಸರ ಮಾತೆಂದು ನಂಬಿ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಮುದ್ರಣ ಯಂತ್ರದ ಎದುರಿಗೇ ಕೂತಳು. ಬ್ಯಾನರು ನಿಧಾನವಾಗಿ ಇಳಿಯಿತು. ಬೈತಲೆ ಬಂತು, ಹಣೆ ಬಂತು, ಹುಬ್ಬಿನ ಕಲೆಯೂ ಬಂತು.

“ಭಾಳ ಕರ್ರಗ ಬಂದ್ರಲ್ರಿ,” ಎಂದು ಪರಸಪ್ಪ ಪೇಚಾಡಿದ.

“ನಾನ ಬಂದೇನಲ್ಲ, ಸಾಕು,” ಎಂದಳು ದ್ರಾಕ್ಷಾಯಣಿ. ಬಣ್ಣ ಆರುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.