ಕಮೋಡಿನ ಹಿಂದಿನ ಕೆಂಪು ಕಲ್ಲು

ಗೆಳೆಯರೇ, ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಮೋಡಿನಿಂದ ಹೊರಹೋಗುವ ಪೈಪಿನ ಜಾಯಿಂಟು ಸೋರುತ್ತಿದೆ. ಅದನ್ನು ಮುಚ್ಚಿ ನಮ್ಮವರು ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದ್ದಾರೆ.

ಪ್ಲಂಬರ್ ರಫೀಕ್ ಬಗ್ಗಿ ನೋಡಿ, "ಕಲ್ಲು ಒಡೀಬೇಕ್ರಿ ಸರ" ಎಂದ.

"ಕಲ್ಲು ಮುಟ್ಟಬ್ಯಾಡ. ಇಂಥಾ ಬಣ್ಣ ಈಗ ಖಣಿಯೊಳಗ ಬರಂಗಿಲ್ಲ" ಎಂದರು ಇವರು.

ಒಂದು ತಾಸು ವಾದ ನಡೆಯಿತು. ಮನೆಯಲ್ಲಿರುವುದು ಅದೊಂದೇ ಕಮೋಡು. ಅತ್ತೆಗೆ ಮೊಣಕಾಲು ಮಡಚಲಾಗದು. ಅವರು ಚಹಾ, ನೀರು ಏನನ್ನೂ ಮುಟ್ಟದೆ ಕೂತಿರುವುದು ನನಗೆ ತಡವಾಗಿ ಹೊಳೆಯಿತು. ಕೊನೆಗೆ ಅವರೇ ಮಗನಿಗೆ ಹೇಳಿದರು: "ಚಂದದ ಕಲ್ಲು ನನ್ನ ಸಮಾಧಿಗಿ ಹಾಕಸೀಯಂತ. ಈಗ ಇದನ್ನ ಒಡಸು."

ಕಲ್ಲು ಒಡೆಯಿತು. ರಫೀಕ್ ಹೊಸ ರಬ್ಬರ್ ರಿಂಗ್ ಕೂರಿಸಿ ಪೈಪು ಜೋಡಿಸಿದ. ಒಂದು ಬಕೆಟ್ ನೀರು ಹಾಕಿ ನೋಡೋಣ ಎನ್ನುವಷ್ಟರಲ್ಲಿ ಅತ್ತೆ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ನಾವು ಮೂವರೂ ಬಾಗಿಲ ಮುಂದೆ ನಿಂತೆವು.

ಒಳಗಿಂದ ದನಿ ಬಂತು: "ದೂರ ಹೋಗ್ರಿ ಎಲ್ಲಾರೂ. ನೀವು ಹಿಂಗ ಕಿವಿ ಕೊಟ್ಟು ನಿಂತ್ರ ನನಗ ಆಗಂಗಿಲ್ಲ."

ಈಗ ಅಂಗಳದಲ್ಲಿದ್ದೇವೆ. ಇವರು ಕೆಂಪು ಚೂರುಗಳನ್ನು ಜೋಡಿಸಿ ನೋಡುತ್ತಿದ್ದಾರೆ. ಒಂದು ಫ್ಲಶ್ಶಿನ ಸದ್ದಿಗೆ ಕಾದಷ್ಟು ಆಸೆಯಿಂದ ನಾನು ಯಾವ ಕವಿಗೋಷ್ಠಿಯಲ್ಲೂ ಕೂತಿರಲಿಲ್ಲ.