ಸವಣೂರಿನಿಂದ ಬಂದ ಸಪ್ಪಳ

ಇಂಜಿನ್ ನಡುದಾರಿಯಲ್ಲಿ ನಿಂತುಬಿಡಬಹುದಿತ್ತು. ಬ್ರೇಕು ಬಂಕಾಪುರದ ಸಂತೆಯ ದಿನವೇ ಕೈಕೊಡಬಹುದಿತ್ತು. ಅದು ಕದ್ದ ಕಾರಾಗಿದ್ದು, ನಾನು ಬನಿಯನ್ನಿನ ಮೇಲೆಯೇ ಪೊಲೀಸರ ಹಿಂದೆ ಹೋಗಬೇಕಾಗಬಹುದಿತ್ತು. ಯಾವುದೋ ಊರಿನ ನೆರೆಯಲ್ಲಿ ಮುಳುಗಿ ಎದ್ದದ್ದಾಗಿರಬಹುದಿತ್ತು. ಎರಡು ಮುರುಕು ಕಾರುಗಳನ್ನು ನಡುವೆ ಬೆಸುಗೆ ಹಾಕಿ ಒಂದು ಮಾಡಿರಬಹುದಿತ್ತು. ಮಾರಿದವರ ಬ್ಯಾಂಕ್ ಸಾಲ ಅದರ ಮೇಲೆಯೇ ಕುಳಿತಿರಬಹುದಿತ್ತು. ವಿಮಾ ಏಜೆಂಟ್ ಕೊಟ್ಟ ಪಾಲಿಸಿ ಬರೀ ಬಣ್ಣದ ಕಾಗದವಾಗಿರಬಹುದಿತ್ತು. ಬಾನೆಟ್ಟಿನೊಳಗೆ ಹಾವು ಸೇರಿರಬಹುದಿತ್ತು. ಮಗಳು ನಸುಕಿನ ಕತ್ತಲಲ್ಲಿ ಯಾರದೋ ಎಮ್ಮೆಗೆ ಗುದ್ದಬಹುದಿತ್ತು. ಆ ಎಮ್ಮೆ ಗಬ್ಬವಾಗಿರಬಹುದಿತ್ತು. ಅದರ ಮಾಲೀಕ ಯಾವನೋ ಪುಢಾರಿಯ ಅಳಿಯನಾಗಿರಬಹುದಿತ್ತು.

ಇಷ್ಟನ್ನೂ ನಾನು ಕಾರು ನೋಡುವ ಮೊದಲೇ, ಹಾನಗಲ್ಲಿನ ನಮ್ಮ ಸ್ಟೇಷನರಿ ಅಂಗಡಿಯ ಗಲ್ಲೆಯ ಮೇಲೆ ಕುಳಿತು ಯೋಚಿಸಿ ಮುಗಿಸಿದ್ದೆ.

ಮಗಳಿಗೆ ಶಿಗ್ಗಾವಿಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಕು ಹರಿಯುವ ಮೊದಲೇ ಬಂದು ಕೂರುತ್ತಾರೆ, ನಮ್ಮೂರಿನ ಬಸ್ಸು ಅಷ್ಟು ಹೊತ್ತಿಗೆ ಅಲ್ಲಿ ಮುಟ್ಟುವುದಿಲ್ಲ. ಸೋಮವಾರ ನಸುಕಿಗೆ ಹಾಜರಾದರೆ ಕೆಲಸ, ಇಲ್ಲವಾದರೆ ಅದನ್ನು ಬೇರೊಬ್ಬರಿಗೆ ಕೊಡುತ್ತೇವೆ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ಅಲ್ಲೇ ಒಂದು ಖೋಲಿ ಹಿಡಿಯುತ್ತೇನೆಂದಳು, ಒಬ್ಬಳೇ ಇರುವುದು ಬೇಡ ಅಂದೆ. ಸ್ಕೂಟಿಯ ಮೇಲೆ ಹೋಗುತ್ತೇನೆಂದಳು, ಕತ್ತಲು, ನಾಯಿ, ಕಬ್ಬಿನ ಟ್ರ್ಯಾಕ್ಟರು ಎಂದೆ.

"ಹಂಗಾದ್ರ ಕಾರ್ ಕೊಡಸು," ಎಂದಳು. ಬೇಡ ಎನ್ನಲು ನನ್ನ ಬಳಿ ಕಾರಣಗಳು ಮುಗಿದುಹೋಗಿದ್ದವು.

ಚಿಕ್ಕ ವಯಸ್ಸಿನವರು ಓಡಿಸಿದರೆ ವಿಮೆ ದುಬಾರಿ ಎಂದು ಮೊಬೈಲಿನಲ್ಲಿ ಓದಿದ್ದೆ. ನಮ್ಮ ಅಂಗಡಿಗೆ ಪೆನ್ನು ಕೊಳ್ಳಲು ಬರುವ ವಿಮಾ ಏಜೆಂಟನನ್ನು ಹಿಡಿದು ಕೇಳಿದೆ. ಆತ ನಕ್ಕ.

"ಅದು ಯಾವುದೋ ದೇಶದ್ದು ಓದೀರಿ. ನಮ್ಮಲ್ಲಿ ಹುಡುಗಿ ವಯಸ್ಸು ಯಾರೂ ಕೇಳಂಗಿಲ್ರಿ, ಗಾಡಿ ವಯಸ್ಸು ಕೇಳ್ತಾರ. ಇಂಜಿನ್ ಸಣ್ಣದ್ ನೋಡಿ ತಗೊಳ್ರಿ, ಥರ್ಡ್ ಪಾರ್ಟಿ ವಿಮಾ ಕಡಿಮಿ ಬೀಳತೈತಿ. ಗಾಡಿ ಹೆಸರಿಗಾದ ಕೂಡ್ಲೇ ಪಾಲಿಸಿನೂ ಹೆಸರಿಗೆ ಮಾಡಿಸ್ರಿ, ತಡಾ ಮಾಡಬ್ಯಾಡ್ರಿ."

"ಮಾರಾವ್ರು ಇಷ್ಟ್ ವರ್ಷ ಒಂದೂ ಕ್ಲೇಮ್ ಮಾಡಿಲ್ಲಂದ್ರ ಆ ರಿಯಾಯಿತಿ ನಮಗ ಬರತೈತಿ ಹೌದಲ್ಲೋ?"

"ಇಲ್ರಿ. ಅದು ಅವರ ಸಂಗಡ ಹೋಗತೈತಿ. ನೀವು ಹೊಸದಾಗಿ ಗಳಸಬೇಕು. ಮತ್ತ ಗಾಡಿ ಲೈಸೆನ್ಸ್ ಇದ್ದವರ ಹೆಸರಿಲೇ ಇರಲಿ. ನಿಮಗ ಕಾರಿನ ಲೈಸೆನ್ಸ್ ಐತೇನ್ರಿ?"

ಇರಲಿಲ್ಲ. ಕಾರು ಓಡಿಸುವುದನ್ನು ನಾನು ಕಲಿತೇ ಇಲ್ಲ. ಹೀಗಾಗಿ ಕಾರು, ಲೈಸೆನ್ಸ್ ಇದ್ದ ಮಗಳ ಹೆಸರಿಗೇ ಎಂದು ಅಲ್ಲೇ ತೀರ್ಮಾನವಾಯಿತು. ಲಾಭವಿಲ್ಲದ ಮಾತನ್ನು ಇಷ್ಟೊಂದು ಹೇಳುವ ಏಜೆಂಟನನ್ನು ಅದುವರೆಗೆ ಕಂಡಿರಲಿಲ್ಲ. ಇವನೇನೋ ದೊಡ್ಡದನ್ನು ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ.

ಕಾರು ಓಡಿಸಲು ಬಾರದವನು ಕಾರು ಪರೀಕ್ಷಿಸಲು ಹೊರಟೆ. ಗುದ್ದಿನ ತಗ್ಗು ಮುಚ್ಚಲು ಬಣ್ಣದ ಕೆಳಗೆ ಮೆತ್ತಿದ ಪುಟ್ಟಿಗೆ ಆಯಸ್ಕಾಂತ ಅಂಟುವುದಿಲ್ಲ ಎಂದು ಯಾರೋ ಹೇಳಿದ್ದರಿಂದ, ಭತ್ತದಲ್ಲಿನ ಕಬ್ಬಿಣದ ಚೂರು ಹಿಡಿಯುವ ಆಯಸ್ಕಾಂತವೊಂದನ್ನು ಅಕ್ಕಿಆಲೂರಿನ ಗಿರಣಿಯಿಂದ ಕಡ ತಂದು ಕೈಚೀಲದಲ್ಲಿ ಹಾಕಿಕೊಂಡಿದ್ದೆ. ಶಿಗ್ಗಾವಿಯಲ್ಲಿ ನೋಡಿದ ಕಾರಿನ ಮೀಟರು ಅದು ಓಡಿದ್ದೇ ಸ್ವಲ್ಪ ಎನ್ನುತ್ತಿತ್ತು, ಕ್ಲಚ್ಚಿನ ರಬ್ಬರು ಮಾತ್ರ ಹಳೆಯ ಚಪ್ಪಲಿಯ ಹಿಮ್ಮಡಿಯಂತೆ ಸವೆದಿತ್ತು. ಹಿರೇಕೆರೂರಿನ ಕಾರಿನೊಳಗೆ ಊದಿನಕಡ್ಡಿಯ ವಾಸನೆ ಎಷ್ಟಿತ್ತೆಂದರೆ, ಕೆಳಹಾಸು ಎತ್ತಿ ನೋಡಿದೆ. ಅಂಚಿನಲ್ಲಿ ನೆರೆಯ ಕೆಸರು ಒಣಗಿ ಕುಳಿತಿತ್ತು. ಅನುಮಾನ ನಿಜವಾದ ಆ ಎರಡು ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಮೂರನೆಯದು ಸವಣೂರಿನ ನಿವೃತ್ತ ಮಾಸ್ತರರೊಬ್ಬರದು. ಸಣ್ಣ ಇಂಜಿನ್ನಿನ ಬಿಳಿ ಕಾರು. ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಹೊದಿಕೆ ಹೊದ್ದು ನೆರಳಿನಲ್ಲಿ ನಿಂತಿತ್ತು. ಆಯಸ್ಕಾಂತ ಎಲ್ಲ ಕಡೆಯೂ ಟಕ್ಕೆಂದು ಅಂಟಿತು. ಪೆಡಲ್ಲು, ಕೆಳಹಾಸು, ಕಾಗದಪತ್ರ ಎಲ್ಲವೂ ಸರಿಯಾಗಿದ್ದವು. ನನಗೆ ಬೆವರು ಬಂತು.

"ಯಾಕ ಮಾರಾಕತ್ತೀರಿ, ಮಾಸ್ತರ?"

"ಕಣ್ಣು ಮಂಜಾಗ್ಯಾವ್ರಿ. ಡಾಕ್ಟರು ಬ್ಯಾಡ ಅಂದಾರ."

ಮಂಜುಗಣ್ಣಿನಲ್ಲಿ ಇವರು ಏನೇನಕ್ಕೆ ಗುದ್ದಿರಬಹುದು ಎಂದು ನಾನು ಬಂಪರಿನ ಕೆಳಗೆ ಬಗ್ಗಿದೆ. ಮಗಳು ನನ್ನ ಅಂಗಿ ಹಿಡಿದು ಎಬ್ಬಿಸಿದಳು. ಡ್ಯಾಶ್‌ಬೋರ್ಡಿನ ನಡುವೆ ಹಾಡಿನ ಟೇಪು ಕಿತ್ತು ತೆಗೆದ ಒಂದು ಚೌಕ ತೂತಿತ್ತು. ದೇವರ ಗೂಡಿನಷ್ಟೇ ಇತ್ತು. ಸಿಕ್ಕಿದ್ದು ಅದೊಂದೇ ದೋಷ. ಅದನ್ನೇ ಹಿಡಿದು ಚೌಕಾಸಿ ಮಾಡಿದೆ, ಮಾಸ್ತರರು ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೂ ನನಗೆ ಸರಿಬರಲಿಲ್ಲ.

ಶುಕ್ರವಾರ ಕಾರು ತರಲು ಹೋದೆವು. ಮಾಸ್ತರರ ಹೆಂಡತಿ ಚಹಾ, ಖಾರ ಕೊಟ್ಟು, ಒಳಗಿನಿಂದ ಮೊರದಲ್ಲಿ ಉಡಿಯ ಸಾಮಾನು ತಂದರು. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಎಲೆ, ಅಡಿಕೆ, ಅರಿಶಿನ ಕೊಂಬು. ಮನೆಯಿಂದ ಹೊರಡುವ ಹೆಣ್ಣುಮಕ್ಕಳ ಸೆರಗಿಗೆ ತುಂಬುವಂಥದ್ದು.

"ಬಾರವ್ವಾ, ಸೆರಗ ಹಿಡಿ."

ಮಗಳು ಜೀನ್ಸ್ ಪ್ಯಾಂಟು, ಅಂಗಿಯಲ್ಲಿದ್ದಳು. ಹಿಡಿಯಲು ಏನೂ ಇರಲಿಲ್ಲ. ಮಾಸ್ತರರ ಹೆಂಡತಿ ನಕ್ಕು, "ಹೊಂಟದ್ದು ಗಾಡಿ ಅಲ್ಲೇನು, ಅದರ ಉಡೀನ ತುಂಬತೇನಿ," ಎಂದು ಮುಂದಿನ ಸೀಟಿನ ಮೇಲೆ ಖಣ ಹಾಸಿ ಎಲ್ಲವನ್ನೂ ಸುರಿದರು. ಮಾಸ್ತರರು ಕನ್ನಡಕ ಒರೆಸಿಕೊಂಡು ಅಂಗಳದ ಇನ್ನೊಂದು ತುದಿಗೆ ಹೋಗಿ ನಿಂತರು.

ಆ ಸೀಟಿನ ಮೇಲೆ ಕೂರಬೇಕಾದವನು ನಾನು. ಅಕ್ಕಿ, ಕಾಯಿಗಳನ್ನು ಖಣದಲ್ಲಿ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡೆ. ಗಂಟಿನಿಂದ ಜಾರುತ್ತಿದ್ದ ಅಡಿಕೆ, ಅರಿಶಿನ ಕೊಂಬುಗಳನ್ನು ಉರುಳಿ ಬೀಳದಿರಲೆಂದು ಟೇಪಿನ ಗೂಡಿನಲ್ಲಿ ಇಟ್ಟೆ.

ಸವಣೂರು ದಾಟಿ ಒಂದು ಹಂಪ್ ಹಾರಿದ ಮೇಲೆ ಸಪ್ಪಳ ಶುರುವಾಯಿತು. ಕಾರು ಎಡಕ್ಕೆ ಹೊರಳಿದರೆ ಗುಡುಗುಡು, ಬಲಕ್ಕೆ ಹೊರಳಿದರೆ ಟಕ್.

"ಕೇಳಿದ್ಯಾ?" ಎಂದೆ.

"ಹಳೇ ಗಾಡಿ ಅಪ್ಪಾ. ಒಂದೀಟು ಮಾತಾಡತೈತಿ."

ಮನೆಯಲ್ಲಿ ಹೆಂಡತಿ ಕಾರಿಗೆ ಆರತಿ ಮಾಡಿ, ಉಡಿಯ ಸಾಮಾನನ್ನು ತಟ್ಟೆಯಲ್ಲಿ ಹರವಿದಳು. ಎಲೆ, ಅರಿಶಿನ ಕೊಂಬು ಐದೈದು. ಅಡಿಕೆ ಮಾತ್ರ ನಾಲ್ಕು.

"ಏನ್ರಿ, ಉಡ್ಯಾಗ ನಾಲ್ಕ ಅಡಿಕಿ ಯಾರರ ಹಾಕ್ತಾರೇನ್ರಿ?"

ಈ ಮಾತಿಗಾಗಿಯೇ ಕಾದಿದ್ದವನಂತೆ ಕುರ್ಚಿಯಿಂದ ಎದ್ದೆ. ಉಡಿಯಲ್ಲೇ ಒಂದು ಅಡಿಕೆ ಉಳಿಸುವ ಮನುಷ್ಯ ಇಂಜಿನ್ನಿನಲ್ಲಿ ಏನೇನು ಉಳಿಸಿಕೊಂಡಿರಲಿಕ್ಕಿಲ್ಲ! ಊಟದ ಹೊತ್ತೆಂಬುದನ್ನೂ ನೋಡದೆ ಸವಣೂರಿಗೆ ಫೋನ್ ಹಚ್ಚಿದೆ. ಅಡಿಕೆಯ ಮಾತು ಎತ್ತಲು ನಾಚಿಕೆಯಾಗಿ ಸಪ್ಪಳದ ಮಾತಷ್ಟೇ ಆಡಿದೆ.

"ನಮ್ಮಲ್ಲಿದ್ದಾಗ ಇರಲಿಲ್ಲಲ್ರಿ," ಎಂದರು ಮಾಸ್ತರರು, ಬಹಳ ಮೆತ್ತಗೆ.

ಮೋಸ ಮಾಡುವವರೆಲ್ಲ ಹೇಳುವುದು ಇದೇ ಮಾತು.

ಶನಿವಾರ ಗ್ಯಾರೇಜಿನವನು ಕಾರನ್ನು ಎತ್ತಿ, ಇಳಿಸಿ, ಗಾಲಿ ಅಲ್ಲಾಡಿಸಿ, ಕೆಳಗೆ ಏನೂ ಇಲ್ಲ ಎಂದ. ಮೇಲೇನಾದರೂ ಇದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಅದಕ್ಕೆ ಮಂಗಳವಾರ ಬನ್ನಿ ಎಂದ. ಭಾನುವಾರ ಸಂಜೆ ನಾನು ತೀರ್ಪು ಕೊಟ್ಟೆ: ಸಪ್ಪಳ ಏನೆಂದು ಗೊತ್ತಾಗುವವರೆಗೂ ಕಾರು ಹೊರಗೆ ಹೋಗಬಾರದು, ಗೊತ್ತಾಗದಿದ್ದರೆ ಸವಣೂರಿಗೆ ವಾಪಸ್.

ಮಗಳು ಇಸ್ತ್ರಿ ಮಾಡುತ್ತಿದ್ದ ಬಿಳಿ ಕೋಟನ್ನು ಬಿಟ್ಟು ನನ್ನ ಕಡೆ ನೋಡಿದಳು.

"ಮಂಗಳವಾರ ಸಪ್ಪಳ ಸಿಗತೈತಿ ಅಪ್ಪಾ. ಕೆಲಸ ಸಿಗಂಗಿಲ್ಲ."

"ದಾರ್‍ಯಾಗ ಏನರ ಆದ್ರ?"

"ಆತು, ನಿನ್ನ ಮಾತ ಖರೆ ಅನ್ನೂಣು. ನಿನಗ ಅಂಜಿಕಿ ಗಾಡೀದೋ, ನಂದೋ? ಅಷ್ಟ ಹೇಳು."

ಹೆಂಡತಿ ಅಡಿಗೆಮನೆಯಿಂದಲೇ, "ಇಬ್ಬರದೂ ಅಲ್ಲವ್ವಾ. ನಿಮ್ಮಪ್ಪಗ ಅಂಜಿಕಿ ಇಲ್ಲಂದ್ರ ಉಂಡದ್ದು ಅರಗೂದಿಲ್ಲ," ಎಂದಳು. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲ ದಿನ ನಾನೂ ಸಂಗಡ ಹೋಗುವುದು, ಶಿಗ್ಗಾವಿಯಿಂದ ಬಸ್ಸಿಗೆ ವಾಪಸ್ ಬರುವುದು.

ಸೋಮವಾರ ಕತ್ತಲಿರುವಾಗಲೇ ಹೊರಟೆವು. ಎಡಕ್ಕೆ ಗುಡುಗುಡು, ಬಲಕ್ಕೆ ಟಕ್. ನಾನು ಇಲ್ಲದ ಬ್ರೇಕನ್ನು ಪಾದದಲ್ಲಿ ಒತ್ತುತ್ತ, ಬಾಗಿಲ ಮೇಲಿನ ಹಿಡಿಯನ್ನು ಬಸ್ಸಿನ ಕಂಬದಂತೆ ಹಿಡಿದು ಕುಳಿತಿದ್ದೆ. ಬಂಕಾಪುರ ಇನ್ನೂ ದೂರವಿತ್ತು. ದೀಪದ ಬೆಳಕಿನಲ್ಲಿ ಥಟ್ಟನೆ ಒಂದು ಎಮ್ಮೆ ನಿಂತಿತ್ತು, ರಸ್ತೆಯ ನಟ್ಟನಡುವೆ.

ನನ್ನ ಬಾಯಿಂದ ಯಾವ ದೇವರ ಹೆಸರು ಬಂತೋ ನೆನಪಿಲ್ಲ. ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ಎಮ್ಮೆಗೂ ನಮಗೂ ನಡುವೆ ಇನ್ನೊಂದು ಎಮ್ಮೆ ನಿಲ್ಲುವಷ್ಟು ಜಾಗವಿತ್ತು. ಮಗಳು ಹಾರ್ನ್ ಕೂಡ ಬಾರಿಸದೆ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತ ಕಾದಳು. ಎಮ್ಮೆ ನಮ್ಮನ್ನು ಒಮ್ಮೆ ಚೆನ್ನಾಗಿ ನೋಡಿ, ಪುರುಸೊತ್ತಿನಿಂದ ಹೊಲಕ್ಕೆ ಇಳಿಯಿತು. ಆಕೆ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಜಗ್ಗಿ ಮುಂದೆ ಹಾರಿತು.

ಗುಡುಗುಡು ಎಂದು ಡ್ಯಾಶ್‌ಬೋರ್ಡಿನ ಆಳದಿಂದ ಏನೋ ಉರುಳಿ ಬಂದು, ಟೇಪಿನ ಗೂಡಿನಿಂದ ಹಾರಿ ನನ್ನ ತೊಡೆಯ ಮೇಲೆ ಬಿತ್ತು.

"ಏನಪ್ಪಾ ಬಿದ್ದದ್ದು?" ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಅಡಿಕಿ."

"ಅಲ್ಲಿ ಯಾರ್ ಇಟ್ಟಿದ್ರು?"

ಮುಂದಿನ ತಿರುವಿನಲ್ಲಿ ಕಾರು ಎಡಕ್ಕೆ ಹೊರಳಿತು. ಸಪ್ಪಳವಿಲ್ಲ. ಬಲಕ್ಕೆ ಹೊರಳಿತು. ಸಪ್ಪಳವಿಲ್ಲ.

"ನಾನ," ಎಂದೆ.

ಆಕೆ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಮಾಸ್ತರಿಗೆ ಫೋನ್ ಹಚ್ಚು," ಎಂದಳು.

"ಇಷ್ಟ ನಸುಕಿನ್ಯಾಗ?"

"ಶುಕ್ರವಾರ ಅವರು ಉಣ್ಣೂ ಹೊತ್ತಿಗೆ ಹಚ್ಚಿದ್ಯಲ್ಲ."

ಶಿಗ್ಗಾವಿ ಮುಟ್ಟಿದಾಗ ಆಸ್ಪತ್ರೆಯ ಕಟ್ಟೆಯ ಮೇಲೆ ಖಾಲಿ ಹೊಟ್ಟೆಯ ನಾಲ್ಕಾರು ಜನ ಟವೆಲು ಹೊದ್ದು ಕುಳಿತಿದ್ದರು. ಲ್ಯಾಬಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಮಗಳು ಬಿಳಿ ಕೋಟು ಹಾಕಿಕೊಂಡು, ಕಾರಿಗೆ ಬೀಗ ಹಾಕಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ತಿರುಗಿ ನೋಡದೆ ಆಸ್ಪತ್ರೆಯ ಒಳಗೆ ಹೋದಳು.

ನಾನು ಬಾಗಿಲನ್ನು ಒಮ್ಮೆ ಜಗ್ಗಿ ನೋಡಿದೆ. ಬೀಗ ಬಿದ್ದಿತ್ತು. ಅಡಿಕೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತ ಸವಣೂರಿನ ನಂಬರ್ ಹುಡುಕಿದೆ.