ಘಾಟು ಬಿಡದ ಹಸಿರು ವೇಲು

ಕೌದಿ ಹೊಲಿಯಲು ಹಳೇ ಬಟ್ಟೆಯ ಗಂಟು ಬಿಚ್ಚಿದ್ದೆ. ಎರಡು ಸೀರೆ, ಧೋತರದ ತುಂಡು, ಯಾರದೋ ಶಾಲೆಯ ನೀಲಿ ಲಂಗ. ತಳದಲ್ಲಿ ಒಂದು ಹಸಿರು ವೇಲು ಇತ್ತು. ಜಾಡಿಸಿದ್ದೇ ತಡ, ಮೂರು ಸೀನು ಬಂದವು. ಐದಾರು ವರ್ಷ ಗಂಟಿನೊಳಗಿದ್ದರೂ ಮೆಣಸಿನಕಾಯಿಯ ಘಾಟು ಹೋಗಿರಲಿಲ್ಲ.

ಅದು ನಮ್ಮ ಎದುರುಮನೆಯ ಹುಡುಗಿಯ ವೇಲು.

ನಮ್ಮದು ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಪರಊರಿನವರು ಬಸ್ಸಿಳಿದ ಕೂಡಲೇ ಸೀನುತ್ತಾರೆ, ನಾವು ನಗುತ್ತೇವೆ. ಆಕೆ ಆಗ ಕಾಲೇಜಿಗೆ ಹೋಗುತ್ತಿದ್ದಳು. ರಜೆ ಇದ್ದಾಗ ಗೆಳತಿಯ ಜೊತೆ ನಮ್ಮ ಓಣಿಯ ಹಿಂದಿನ ಗೋದಾಮಿನಲ್ಲಿ ಕಾಯಿಯ ತೊಟ್ಟು ಬಿಡಿಸುವ ಕೆಲಸ. ವೇಲು ಒದ್ದೆ ಮಾಡಿ ಮೂಗುಬಾಯಿಗೆ ಬಿಗಿದು ಕಟ್ಟಿಕೊಂಡೇ ಕೂರಬೇಕು, ಆ ಕೆಲಸದ ಮೊದಲ ಪಾಠವೇ ಅದು. ಆಕೆ ಕಟ್ಟಿಕೊಂಡೂ ವಟವಟ ಅನ್ನುತ್ತಿದ್ದಳು. “ಬಾಯಿ ಕಟ್ಟಿದ್ರೂ ಇಷ್ಟು ಮಾತಾಡ್ತಿ, ಬಿಚ್ಚಿದ್ರ ನಮ್ಮ ಗತಿ ಏನಬೇ!” ಅಂತ ಮುದುಕಿಯರು ಚಾಷ್ಟಿ ಮಾಡೋರು.

ಊಟಕ್ಕೆ ಮಾತ್ರ ಎಲ್ಲರೂ ಹೊರಗೆ, ಬೇವಿನ ಗಿಡದ ಕೆಳಗೆ. ಆ ಘಾಟಿನಲ್ಲಿ ರೊಟ್ಟಿ ಗಂಟಲಿಗೆ ಇಳಿಯೋದಿಲ್ಲ. ಕೂಸು ಇದ್ದವರು ಗೋದಾಮಿನ ಹಿಂದುಗಡೆಯ ಸಣ್ಣ ಕೋಣೆಯಲ್ಲಿ ಸೀರೆಯ ಜೋಳಿಗೆ ಕಟ್ಟಿ, ಮಲಗಿಸಿ, ಬಾಗಿಲು ಮುಂದೆ ಮಾಡಿ ಬರುತ್ತಿದ್ದರು.

ಅವತ್ತು ಹಾಗೆ ಊಟಕ್ಕೆ ಕೂತಾಗಲೇ ಒಳಗೆ ರಾಶಿಗೆ ಬೆಂಕಿ ಹತ್ತಿತು. ಕಿಡಿ ಎಲ್ಲಿಂದ ಬಿತ್ತೋ… ಕೂಗು ಕೇಳಿ ನಾನು ಹೊಲಿಗೆ ಮಷೀನು ಬಿಟ್ಟು ಓಡಿದೆ. ಅಷ್ಟರಲ್ಲಿ ಗಂಡಸರು ಕೊಡಗಟ್ಟಲೆ ನೀರು ಹೊಯ್ದಿದ್ದರು. ಕಾದ ಕಾಯಿಗೆ ನೀರು ಬಿದ್ದರೆ ಹೊಗೆ ಇಮ್ಮಡಿ. “ನೀರು ಹೊಯ್ಯಬ್ಯಾಡ್ರೋ, ಹಸಿ ಗೋಣಿ ಹೊಚ್ಚ್ರೋ!” ಅಂತ ಮುದುಕಿಯರು ಬಾಯಿ ಬಡಿದುಕೊಂಡರು. ಹೊಚ್ಚಲಿಕ್ಕೆ ಒಳಗೆ ಹೋಗುವವರು ಯಾರು? ಬಾಗಿಲ ತನಕ ಹೋದವರೆಲ್ಲ ಕಣ್ಣು ಮುಚ್ಚಿಕೊಂಡು ತಿರುಗಿ ಬಂದರು.

ಹಿಂದಿನ ಕೋಣೆಯಲ್ಲಿ ಒಂದು ಕೂಸು ಇತ್ತು, ಅಲ್ಲಿಗೆ ದಾರಿ ಗೋದಾಮಿನೊಳಗಿಂದಷ್ಟೇ. ಅದರ ತಾಯಿಯನ್ನು ನಾಲ್ಕು ಮಂದಿ ಹಿಡಿದುಕೊಂಡಿದ್ದರು.

ಎದುರುಮನೆ ಹುಡುಗಿ ವೇಲನ್ನು ನಡಕ್ಕೆ ಬಿಗಿದಳು. ಅದರ ತುದಿಗೆ ಗೆಳತಿಯ ವೇಲು, ಅದಕ್ಕೊಂದು ಸೀರೆ ಗಂಟು ಹಾಕಿದರು.

“ಬಾಯಿಗೆ ಏನ್ ಕಟ್ಕೊಂತೀಲೇ?” ಅಂದಳು ಗೆಳತಿ.

“ಉಸುರು ಹಿಡಕೊಂತೇನಿ. ನೀ ತುದಿ ಬಿಡಬ್ಯಾಡ.”

ಕಣ್ಣು ಮುಚ್ಚಿ, ಗೋಡೆಗುಂಟ ಒಟ್ಟಿದ ಚೀಲಗಳನ್ನು ಕೈಯಿಂದ ಸವರುತ್ತ ಹೋದಳು. ಗೆಳತಿ ಬಾಗಿಲಲ್ಲೇ ಕೆಮ್ಮುತ್ತ ನಿಂತು ಸೀರೆ ಬಿಡುತ್ತಾ ಹೋದಳು. ಒಂದು ಕಡೆ ಅದು ನಿಂತೇಬಿಟ್ಟಿತು. ನಾನು ಏನೇನು ದೇವರಿಗೆ ಬೇಡಿಕೊಂಡೆನೋ ನೆನಪಿಲ್ಲ… ಆಮೇಲೆ ಒಂದು ಜಗ್ಗು. “ಬಾರಲೇ, ಈ ಕಡೆ ಬಾ!” ಅಂತ ಗೆಳತಿ ಕೂಗುತ್ತಲೇ ಎಳೆದಳು. ಜೋಳಿಗೆಯ ಸೀರೆಯಲ್ಲಿ ಸುತ್ತಿದ ಕೂಸನ್ನು ಎದೆಗೆ ಅವುಚಿಕೊಂಡು ಆಕೆ ಹೊರಬಿದ್ದಳು. ಕೂಸು ಜೋರಾಗಿ ಅಳುತ್ತಿತ್ತು. ಆಕೆಗೆ ಮಾತಾಡಲಿಕ್ಕೂ ಉಸಿರಿರಲಿಲ್ಲ.

ಮುಂದೆ ಹಾವೇರಿಯಲ್ಲಿ ಇಬ್ಬರಿಗೂ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಇಬ್ಬರ ಜಂಪರೂ ನಾನೇ ಹೊಲಿದದ್ದು. ಮೈಕಿನ ಮುಂದೆ ಆಕೆ “ಎಲ್ಲಾರಿಗೂ ನಮಸ್ಕಾರ್ರಿ” ಅಂದಳು, ಅಷ್ಟೇ. ಕೆಮ್ಮು ಒತ್ತಿ ಬಂತು, ಕಣ್ಣಲ್ಲಿ ನೀರು ಬಂತು. ದುಃಖ ಉಕ್ಕಿತು ಅಂತ ತಿಳಿದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಬರುವಾಗ ಬಸ್ಸಿನಲ್ಲಿ ಹೇಳಿದಳು, “ಚಿಗವ್ವಾ, ನಾ ಅಳಾಕತ್ತಿದ್ದಿಲ್ರಿ.”

ರಾಣೆಬೆನ್ನೂರಿನ ಡಾಕ್ಟರು ಇನ್ನು ಮೇಲೆ ಘಾಟಿನಿಂದ ದೂರ ಇರಬೇಕು ಅಂದರು. ಬ್ಯಾಡಗಿಯಲ್ಲಿ ಹುಟ್ಟಿದವಳಿಗೆ! ಸುಗ್ಗಿ ಬಂತೆಂದರೆ ಗಾಡಿಗಳ ಹಿಂದೆ ಗಾಳಿಯೇ ಕೆಂಪಗಾಗುವ ಊರು ಇದು. ಎರಡು ವರ್ಷ ಸುಗ್ಗಿಯಲ್ಲಿ ಬಳಗದವರ ಮನೆಯಲ್ಲಿದ್ದಳು. ಹೋಗುವ ಮೊದಲು ಒಮ್ಮೆ ಈ ವೇಲು ತಂದು, “ಕೌದಿಗೆ ಹಾಕ್ಕೋರಿ ಚಿಗವ್ವಾ, ಎಷ್ಟು ಒಗದ್ರೂ ಘಾಟು ಹೋಗವಲ್ದು” ಅಂತ ಕೊಟ್ಟಳು. ಆಮೇಲೆ ಗುತ್ತಲಕ್ಕೆ ಮದುವೆಯಾಗಿ ಹೋದಳು. ಈಗ ತವರಿಗೆ ಬರೋದು ಮಳೆಗಾಲದಲ್ಲಷ್ಟೇ. ಆ ಕೂಸು ನಮ್ಮ ಓಣಿಯಲ್ಲೇ ಓಡಾಡಿಕೊಂಡಿದೆ. ಸುಗ್ಗಿಯಲ್ಲೂ ಒಂದು ಸೀನು ಸೀನೋದಿಲ್ಲ.

ಈಗ ಆಕೆಗೆ ದಿನ ತುಂಬಿವೆ. ಮೊನ್ನೆ ಅವರವ್ವ ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. “ಚೊಚ್ಚಲ ಹೆರಿಗಿ, ತವರಾಗ ಆಗಬೇಕಿತ್ತು. ಈ ಸುಗ್ಗ್ಯಾಗ ಹೆಂಗ ಕರಕೊಂಡು ಬರಲಿ ಹೇಳು? ನಾನ ಹೊಂಟೇನಿ ಗುತ್ತಲಕ್ಕ. ಒಂದು ಸಣ್ಣ ಕೌದಿ ಹೊಲದು ಕೊಡವಾ.”

ವೇಲಿನ ತುಂಡನ್ನು ಕೌದಿಯ ನಟ್ಟನಡುವೆ ಇಡಬೇಕು ಅನಿಸಿತು. ಸೀಗೆಪುಡಿ ಹಾಕಿ ಎರಡು ಸಲ ಒಗೆದೆ, ಬಿಸಿಲಿಗೆ ಹಾಕಿದೆ. ನಾಲ್ಕು ಹೊಲಿಗೆ ಹಾಕಿದ ಮೇಲೆ ಮೂಸಿ ನೋಡಿದೆ. ಮತ್ತೆ ಸೀನು.

ಹೊಲಿಗೆ ಬಿಚ್ಚಿದೆ. ಆ ಜಾಗಕ್ಕೆ ನೀಲಿ ಲಂಗದ ತುಂಡು ಇಟ್ಟೆ. ಕೌದಿ ನಾಳೆ ಅವರವ್ವನ ಕೂಡ ಗುತ್ತಲದ ಬಸ್ಸು ಹತ್ತುತ್ತದೆ. ವೇಲು ಇಲ್ಲೇ, ಬ್ಯಾಡಗಿಯಲ್ಲೇ ಉಳಿಯಿತು.